ಒಂದು ಗಣಕ, ಎರಡು ವ್ಯವಸ್ಥೆ: ಬೂಟ್ ವಿಘ್ನಗಳ ಸಮೀಕ್ಷೆ

ಒಂದೇ ಗಣಕಯಂತ್ರದಲ್ಲಿ ಎರಡು ಮೂರು ಆಪರೇಟಿಂಗ್ ಸಿಸ್ಟಮ್‌ಗಳನ್ನು ನೆಲೆಗೊಳಿಸಿ, ಕಾರ್ಯಾನುಸಾರವಾಗಿ ಒಮ್ಮೆ ಒಂದನ್ನೂ ಮತ್ತೊಮ್ಮೆ ಇನ್ನೊಂದನ್ನೂ ಬಳಸುವ ಪದ್ಧತಿ ಕೆಲವೇ ತಜ್ಞರ ಕುತೂಹಲಕ್ಕೆ ಸೇರಿದ್ದ ಕಾಲ ಕಳೆದುಹೋಯಿತು. 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಸಂಸ್ಥೆ ಕೊಡುತ್ತಿದ್ದ ಸಾಮಾನ್ಯ ಬೆಂಬಲ ಮುಗಿದು, ವಿಂಡೋಸ್ 11 ಅಪೇಕ್ಷಿಸುವ ಟಿಪಿಎಂ 2.0 ಮೊದಲಾದ ಅಂಗಗಳಿಲ್ಲದ ಯಂತ್ರಗಳು ಸುಸ್ಥಿತಿಯಲ್ಲಿದ್ದೂ ದಿಕ್ಕಿಲ್ಲದಂತಾದ ಮೇಲೆ, ಅವುಗಳ ಒಡೆಯರಲ್ಲಿ ಅನೇಕರು ಲಿನಕ್ಸಿನ ಕಡೆಗೆ ದೃಷ್ಟಿ ಹರಿಸುತ್ತಿದ್ದಾರೆ. ಆದರೆ ಹಳೆಯದನ್ನು ಪೂರ್ಣವಾಗಿ ತ್ಯಜಿಸುವುದು ಎಲ್ಲರಿಗೂ ಸಾಧ್ಯವಲ್ಲ. ಕರ್ನಾಟಕದ ಕಚೇರಿಗಳಲ್ಲಿಯೂ ಮುದ್ರಣಾಲಯಗಳಲ್ಲಿಯೂ ನುಡಿ, ಶ್ರೀಲಿಪಿ ಮುಂತಾದ ತಂತ್ರಾಂಶಗಳ ಹಳೆಯ ಅಕ್ಷರಸಂಕೇತದಲ್ಲಿ ಸಿದ್ಧವಾದ ಕಡತಗಳೂ ಪೇಜ್‌ಮೇಕರಿನಲ್ಲಿ ಕಟ್ಟಿದ ಪುಟಗಳೂ ರಾಶಿರಾಶಿಯಾಗಿರುವಾಗ, ಅವುಗಳಿಗಾಗಿ ವಿಂಡೋಸನ್ನು ಉಳಿಸಿಕೊಂಡು, ಉಳಿದ ಕೆಲಸಕ್ಕೆ ಲಿನಕ್ಸನ್ನು ಪಕ್ಕದಲ್ಲಿ ಕೂರಿಸುವುದೇ ವಿವೇಕವೆಂದು ತೋರುವುದು ಸಹಜ. ಹಾಗೆ ಕೂರಿಸಿದ ಕೆಲಕಾಲದಲ್ಲಿಯೇ ಒಂದು ಮುಂಜಾನೆ ಯಂತ್ರವು ಎರಡರಲ್ಲಿ ಯಾವುದನ್ನೂ ತೆರೆಯದೆ ಕಪ್ಪು ಪರದೆಯನ್ನು ತೋರಿಸುತ್ತ ನಿಂತುಬಿಡುವುದೂ ಅಷ್ಟೇ ಸಾಮಾನ್ಯವಾಗಿದೆ.

ಈ ವಿಘ್ನಗಳ ಕುರಿತು ಹೇಳಲಾಗುವ ಪರಿಹಾರಗಳು ಅಸಂಖ್ಯಾತ. ಅವುಗಳಲ್ಲಿ ಬಹಳಷ್ಟು ಬಿಡಿಬಿಡಿಯಾದ ಸೂತ್ರಗಳು, ಕೆಲವು ಪರಸ್ಪರ ವಿರುದ್ಧ. ಇವುಗಳನ್ನೆಲ್ಲ ಒಟ್ಟಾಗಿ ಪರೀಕ್ಷಿಸಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ವ್ಯವಸ್ಥೆಗಳ ಸಂಖ್ಯೆ ಎರಡಾದದ್ದು ವಿಘ್ನಕ್ಕೆ ಕಾರಣವಲ್ಲ. ಪ್ರತಿಯೊಂದು ವ್ಯವಸ್ಥೆಯೂ ಯಂತ್ರದಲ್ಲಿ ತಾನೊಬ್ಬನೇ ಇರುವೆನೆಂದು ಭಾವಿಸಿ, ಎಲ್ಲರಿಗೂ ಸೇರಿದ ಸ್ಥಳದಲ್ಲಿ ಕೇಳದೆ ಬರೆಯುವುದೇ ಕಾರಣ. ಒಂದೇ ತೂಬಿನ ನೀರನ್ನು ನೆಚ್ಚಿದ ಎರಡು ಗದ್ದೆಗಳ ಒಡೆಯರು ಒಬ್ಬರನ್ನೊಬ್ಬರು ವಿಚಾರಿಸದೆ ತೂಬನ್ನು ಎತ್ತುತ್ತ ಇಳಿಸುತ್ತ ಹೋದರೆ ಆಗುವ ಅನರ್ಥ ಎಂತಹದೋ ಇಲ್ಲಿ ಆಗುವುದೂ ಅಂತಹದೇ. ಆದಕಾರಣ ಎಲ್ಲರಿಗೂ ಸೇರಿದ ಈ ಸ್ಥಳಗಳು ಯಾವುವು, ಅಲ್ಲಿ ಯಾರು ಯಾವಾಗ ಬರೆಯುತ್ತಾರೆ ಎಂಬುದನ್ನು ಅರಿತವನಿಗೆ ಬಿಡಿ ಸೂತ್ರಗಳ ಅವಶ್ಯಕತೆ ಅಷ್ಟಾಗಿ ಬೀಳದು.

ಹಳೆಯ ಏರ್ಪಾಡು: ಮೊದಲ ಸೆಕ್ಟರಿನ ಒಡೆತನ

ವಿದ್ಯುತ್ತು ಹರಿದ ಕ್ಷಣದಲ್ಲಿ ಗಣಕಕ್ಕೆ ವಿಂಡೋಸ್ ಎಂಬುದಾಗಲಿ ಲಿನಕ್ಸ್ ಎಂಬುದಾಗಲಿ ತಿಳಿಯದು. ಮದರ್‌ಬೋರ್ಡಿನ ಚಿಪ್ಪಿನಲ್ಲಿ ನೆಲೆಸಿರುವ ಫರ್ಮ್‌ವೇರ್ ಮೊದಲು ಎಚ್ಚತ್ತು, ಯಂತ್ರದ ಅಂಗಾಂಗಗಳನ್ನು ಪರೀಕ್ಷಿಸಿ, ಬಳಿಕ ಯಾವ ಡಿಸ್ಕಿನಿಂದ ಏನನ್ನು ಓದಬೇಕೆಂದು ನಿರ್ಧರಿಸುತ್ತದೆ. 1981ರ ಐಬಿಎಂ ಪಿಸಿಯೊಂದಿಗೆ ಬಂದ ಬಯೋಸ್ ಎಂಬ ಫರ್ಮ್‌ವೇರಿನ ರೀತಿ ಅತ್ಯಂತ ಸರಳವಾದುದು: ಡಿಸ್ಕಿನ ಮೊಟ್ಟಮೊದಲ ಸೆಕ್ಟರನ್ನು ಸ್ಮೃತಿಗೆ ಎತ್ತಿಕೊಂಡು, ಅಲ್ಲಿ ಬರೆದಿರುವುದಕ್ಕೆ ಅಧಿಕಾರವನ್ನು ಒಪ್ಪಿಸಿ ತಾನು ಹಿಂದೆ ಸರಿಯುವುದು. 1983ರಲ್ಲಿ ಪಿಸಿ ಡಾಸ್ 2.0 ಜೊತೆಗೆ ರೂಢಿಗೆ ಬಂದ ಎಂಬಿಆರ್ ಏರ್ಪಾಡಿನಲ್ಲಿ ಆ ಸೆಕ್ಟರಿನ 512 ಬೈಟುಗಳೊಳಗೇ ಎಲ್ಲವೂ ಅಡಕವಾಗಬೇಕಿತ್ತು: ಬೂಟ್ ಸಂಕೇತಕ್ಕೆ 446 ಬೈಟುಗಳು, ಪಾರ್ಟಿಷನ್ನುಗಳ ಪಟ್ಟಿಗೆ 64 ಬೈಟುಗಳು, ಕೊನೆಯ ಗುರುತಿಗೆ ಎರಡು ಬೈಟುಗಳು. ಪಟ್ಟಿಯಲ್ಲಿ ಒಂದೊಂದಕ್ಕೆ 16 ಬೈಟಿನಂತೆ ನಾಲ್ಕು ಮುಖ್ಯ ಪಾರ್ಟಿಷನ್ನುಗಳಿಗೆ ಮಾತ್ರ ಅವಕಾಶ. ಸಾಮಾನ್ಯ ಸೆಕ್ಟರುಗಳ ಲೆಕ್ಕದಲ್ಲಿ ಸುಮಾರು 2.2 ಟೆರಾಬೈಟಿನ ಆಚೆಯ ಜಾಗವನ್ನು ಆ ಪಟ್ಟಿ ಹೇಳಲಾರದು.

ಮೊದಲ ಸೆಕ್ಟರು ಒಂದೇ ಇರುವಲ್ಲಿ ಅದರ ಒಡೆತನವೂ ಒಬ್ಬರದೇ ಆಗಬೇಕು. ವಿಂಡೋಸಿನ ಅನುಸ್ಥಾಪಕವು ಅಲ್ಲಿ ಮುಂಚೆ ಏನಿತ್ತೆಂದು ವಿಚಾರಿಸದೆ ತನ್ನ ಸಂಕೇತವನ್ನೇ ಬರೆಯುತ್ತಿತ್ತು. ಆ ಗಳಿಗೆಯಿಂದ ಲಿನಕ್ಸ್ ಡಿಸ್ಕಿನಲ್ಲಿದ್ದೂ ಇಲ್ಲದಂತೆಯೇ. ಮೊದಲು ವಿಂಡೋಸ್, ಅನಂತರ ಲಿನಕ್ಸ್ ಎಂಬ ನಿಯಮ ಹುಟ್ಟಿದ್ದು ಇದರಿಂದ. ಲಿನಕ್ಸಿನ ಪಾಳಯದಲ್ಲಿ ವರ್ನರ್ ಆಲ್ಮೆಸ್‌ಬರ್ಗರ್ ಎಂಬವರು 1990ರ ದಶಕದ ಆರಂಭದಲ್ಲಿ ರಚಿಸಿದ ಲಿಲೋ ಎಂಬ ಬೂಟ್‌ಲೋಡರು ಬಹುಕಾಲ ಸೇವೆ ಸಲ್ಲಿಸಿತು. ಅದಕ್ಕೆ ಕಡತವ್ಯವಸ್ಥೆಯ ಪರಿಚಯವಿರಲಿಲ್ಲ. ಕರ್ನಲ್ ಡಿಸ್ಕಿನ ಯಾವ ಯಾವ ಸ್ಥಾನಗಳಲ್ಲಿದೆ ಎಂಬ ಪಟ್ಟಿಯನ್ನು ಮಾತ್ರ ಅದು ಇಟ್ಟುಕೊಳ್ಳುತ್ತಿತ್ತು. ಕರ್ನಲನ್ನು ನವೀಕರಿಸಿ ಲಿಲೋವನ್ನು ಪುನಃ ಚಾಲಿಸಲು ಮರೆತವನ ಯಂತ್ರ ಮಾರನೆಯ ದಿನ ಏಳುತ್ತಿರಲಿಲ್ಲ. 1995ರಲ್ಲಿ ಎರಿಕ್ ಬೊಲೆಯ್ನ್ ಆರಂಭಿಸಿ, ಮುಂದೆ ಗ್ನೂ ಯೋಜನೆಗೆ ಸೇರಿದ ಗ್ರಬ್ ಈ ದೋಷವನ್ನು ನೀಗಿಸಿತು. ಕಡತವ್ಯವಸ್ಥೆಯನ್ನು ಸ್ವತಃ ಓದಬಲ್ಲ ಗ್ರಬ್ ತನ್ನ ಸಿದ್ಧತೆಯ ಕಡತವನ್ನು ಪ್ರತಿಸಲವೂ ಹುಡುಕಿ ನೋಡುತ್ತದೆ, ವಿಂಡೋಸಿನ ಬೂಟ್‌ಲೋಡರಿಗೆ ಅಧಿಕಾರವನ್ನು ದಾಟಿಸಲೂ ಬಲ್ಲದು.

ಆದರೆ ಗ್ರಬ್ಬಿನ ದೇಹ 446 ಬೈಟಿನಲ್ಲಿ ಹಿಡಿಸುವುದಲ್ಲ. ಬಯೋಸ್ ಯಂತ್ರಗಳಲ್ಲಿ ಅದು ಮೊದಲ ಸೆಕ್ಟರಿಗೂ ಮೊದಲ ಪಾರ್ಟಿಷನ್ನಿಗೂ ನಡುವೆ ಬರಿದಾಗಿ ಬಿದ್ದಿದ್ದ ಸ್ಥಳದಲ್ಲಿ ತನ್ನ ಮುಂದಿನ ಭಾಗವನ್ನು ಇರಿಸಿಕೊಂಡಿತು. ಆ ಬರಿದು ಸ್ಥಳ ಯಾರ ಹೆಸರಿನಲ್ಲಿಯೂ ಇರಲಿಲ್ಲವಾಗಿ, ವಿಂಡೋಸಿನಲ್ಲಿ ನಡೆಯುವ ಕೆಲವು ತಂತ್ರಾಂಶಗಳು ತಮ್ಮ ಲೈಸೆನ್ಸಿನ ಗುರುತನ್ನು ಗುಟ್ಟಾಗಿ ಅಲ್ಲಿಯೇ ಬರೆಯುತ್ತಿದ್ದವು, ಗ್ರಬ್ ಹಾಳಾಗುತ್ತಿತ್ತು. ಇನ್ನೊಂದು ಪ್ರಮಾದವೂ ಆ ಕಾಲದಿಂದಲೇ ಬಂದದ್ದು: ಲಿನಕ್ಸ್ ಬೇಡವೆಂದು ವಿಂಡೋಸಿನೊಳಗಿಂದಲೇ ಅದರ ಪಾರ್ಟಿಷನ್ನನ್ನು ಅಳಿಸಿಬಿಡುವುದು. ಮೊದಲ ಸೆಕ್ಟರಿನಲ್ಲಿ ಗ್ರಬ್ ಉಳಿದಿದೆ, ಅದು ಓದಬೇಕಾದ ಕಡತಗಳು ಅಳಿದಿವೆ. ಫಲವಾಗಿ ಗ್ರಬ್ ರೆಸ್ಕ್ಯೂ ಎಂಬ ಎರಡು ಪದಗಳನ್ನು ತೋರಿಸಿ ಯಂತ್ರ ಸ್ತಬ್ಧವಾಗುತ್ತದೆ. ಬೂಟಿನ ಅಧಿಕಾರವನ್ನು ವಿಂಡೋಸಿಗೆ ಮರಳಿಸಿದ ಮೇಲೆ ಪಾರ್ಟಿಷನ್ನನ್ನು ಅಳಿಸುವುದೇ ಸರಿಯಾದ ಕ್ರಮ.

ಹೊಸ ಏರ್ಪಾಡು: ಸ್ಥಳ ಹೆಚ್ಚಿತು, ಸ್ಪರ್ಧೆ ಉಳಿಯಿತು

ಇಂಟೆಲ್ ಸಂಸ್ಥೆ ತನ್ನ ಇಟಾನಿಯಂ ಯಂತ್ರಗಳಿಗಾಗಿ ರೂಪಿಸಿದ ಇಎಫ್‌ಐ, 2005ರಲ್ಲಿ ಅನೇಕ ಸಂಸ್ಥೆಗಳ ಕೂಟವೊಂದರ ಕೈಸೇರಿ ಯುಇಎಫ್‌ಐ ಎಂಬ ಹೆಸರಿನಿಂದ ಬಯೋಸಿನ ಸ್ಥಾನಕ್ಕೆ ಬಂದಿತು. ಇದರ ಜೊತೆಗೆ ಬಂದ ಜಿಪಿಟಿ ಪಟ್ಟಿಯಲ್ಲಿ ಸಾಮಾನ್ಯವಾಗಿ 128 ಪಾರ್ಟಿಷನ್ನುಗಳಿಗೆ ಅವಕಾಶವುಂಟು. ಪಟ್ಟಿಯ ಒಂದು ಪ್ರತಿ ಡಿಸ್ಕಿನ ಕೊನೆಯಲ್ಲಿಯೂ ಇರುತ್ತದೆ. ಎಲ್ಲಕ್ಕಿಂತ ಮುಖ್ಯವಾದ ಸುಧಾರಣೆಯೆಂದರೆ ಬೂಟ್‌ಲೋಡರುಗಳಿಗೆಂದೇ ಇಎಫ್‌ಐ ಸಿಸ್ಟಮ್ ಪಾರ್ಟಿಷನ್ ಎಂಬ ಪ್ರತ್ಯೇಕ ಸ್ಥಳವನ್ನು ವಿಧಿಸಿದ್ದು. ಇದು ಫ್ಯಾಟ್ ಕಡತವ್ಯವಸ್ಥೆಯ ಸಣ್ಣ ಪಾರ್ಟಿಷನ್. ಇದರೊಳಗೆ ಮೈಕ್ರೋಸಾಫ್ಟಿಗೊಂದು, ಉಬುಂಟುವಿಗೊಂದು, ಫೆಡೋರಾಕ್ಕೊಂದು ಫೋಲ್ಡರು. ಯಾರೂ ಯಾರನ್ನೂ ಹೊರದೂಡಬೇಕಾಗಿಲ್ಲ. ಯಾವ ಬೂಟ್‌ಲೋಡರನ್ನು ಮೊದಲು ಕರೆಯಬೇಕೆಂಬ ಅನುಕ್ರಮವು ಮದರ್‌ಬೋರ್ಡಿನ ಅಳಿಯದ ಸ್ಮೃತಿಯಲ್ಲಿ ದಾಖಲಾಗಿರುತ್ತದೆ.

ಈ ಏರ್ಪಾಡು ವಿವೇಕಯುತವಾದುದು. ಆದರೂ ಸ್ಪರ್ಧೆ ಮೊದಲ ಸೆಕ್ಟರಿನಿಂದ ಅನುಕ್ರಮದ ಪಟ್ಟಿಗೆ ಸ್ಥಳಾಂತರಗೊಂಡಿತಷ್ಟೆ. ವಿಂಡೋಸಿನ ದೊಡ್ಡ ನವೀಕರಣಗಳು ಕೆಲವೊಮ್ಮೆ ಅದರ ಬೂಟ್ ಮ್ಯಾನೇಜರನ್ನು ಪಟ್ಟಿಯ ಅಗ್ರಸ್ಥಾನಕ್ಕೆ ತಂದಿರಿಸುತ್ತವೆ. ಆಗ ಲಿನಕ್ಸ್ ನಾಶವಾಯಿತೆಂದು ಭಾವಿಸಿ ಮತ್ತೆ ಅನುಸ್ಥಾಪಿಸಲು ಹೊರಡುವುದು ಅನಾವಶ್ಯಕ. ಫರ್ಮ್‌ವೇರಿನ ಬೂಟ್ ಮೆನುವಿನಲ್ಲಿ ಲಿನಕ್ಸಿನ ಹೆಸರು ಇನ್ನೂ ಇರುತ್ತದೆ. ಅದನ್ನು ಮೇಲಕ್ಕೆ ತಂದರೆ ಸಾಕು. ಕೆಲವು ತಯಾರಕರ ಫರ್ಮ್‌ವೇರು ಅನುಕ್ರಮದ ಪಟ್ಟಿಯನ್ನೇ ಗೌರವಿಸದೆ ಮೈಕ್ರೋಸಾಫ್ಟಿನ ಕಡತವನ್ನೋ, ಡಿಸ್ಕಿಗೆಲ್ಲ ಸಾಮಾನ್ಯವಾದ ಪೂರ್ವನಿಶ್ಚಿತ ಹೆಸರಿನ ಕಡತವನ್ನೋ ಮಾತ್ರ ಹುಡುಕುವುದುಂಟು. ಅಂತಹ ಯಂತ್ರಗಳಲ್ಲಿ ಗ್ರಬ್ಬಿನ ಒಂದು ಪ್ರತಿಯನ್ನು ಆ ಪೂರ್ವನಿಶ್ಚಿತ ಸ್ಥಾನದಲ್ಲಿಯೂ ಇರಿಸುವುದು ರೂಢಿ.

ಹೆಚ್ಚಿನ ಅನರ್ಥವನ್ನು ತರುವುದು ಎರಡು ಏರ್ಪಾಡುಗಳ ಮಿಶ್ರಣ. ಬಯೋಸಿನಿಂದ ಯುಇಎಫ್‌ಐಗೆ ಸಾಗುವ ಸಂಕ್ರಮಣದ ವರ್ಷಗಳಲ್ಲಿ ಹಳೆಯ ರೀತಿಯನ್ನು ಅನುಕರಿಸುವ ಸೌಲಭ್ಯವನ್ನು ಫರ್ಮ್‌ವೇರಿನಲ್ಲಿ ಸೇರಿಸಿದ್ದರು. ವಿಂಡೋಸ್ ಯುಇಎಫ್‌ಐ ರೀತಿಯಲ್ಲಿ ನೆಲೆಸಿರುವ ಯಂತ್ರದಲ್ಲಿ ಲಿನಕ್ಸಿನ ಪೆನ್‌ಡ್ರೈವನ್ನು ಹಳೆಯ ರೀತಿಯಲ್ಲಿ ಬೂಟ್ ಮಾಡಿ ಅನುಸ್ಥಾಪಿಸಿದರೆ, ಎರಡೂ ತಮ್ಮ ತಮ್ಮ ಕಡೆ ಸರಿಯಾಗಿಯೇ ಇದ್ದು, ಒಂದರ ಮೆನುವಿನಿಂದ ಇನ್ನೊಂದನ್ನು ಕರೆಯಲಾಗದ ಸ್ಥಿತಿ ಒದಗುತ್ತದೆ. ಬೂಟ್ ಮೆನುವಿನಲ್ಲಿ ಒಂದೇ ಪೆನ್‌ಡ್ರೈವು ಎರಡು ಹೆಸರುಗಳಿಂದ ಕಂಡಾಗ, ಯುಇಎಫ್‌ಐ ಎಂಬ ಪದವಿರುವುದನ್ನೇ ಆರಿಸತಕ್ಕದ್ದು. ಇಎಫ್‌ಐ ಪಾರ್ಟಿಷನ್ನಿನ ಗಾತ್ರವೂ ಗಮನಾರ್ಹ. ವಿಂಡೋಸ್ ಬಹುಕಾಲ ಇದಕ್ಕೆ ತಾನಾಗಿ ಮೀಸಲಿಡುತ್ತಿದ್ದುದು 100 ಮೆಗಾಬೈಟು ಮಾತ್ರ. ಎರಡು ಮೂರು ವ್ಯವಸ್ಥೆಗಳ ಬೂಟ್‌ಲೋಡರುಗಳೂ ಕೆಲವು ಲಿನಕ್ಸ್ ಪ್ರಭೇದಗಳಲ್ಲಿ ಕರ್ನಲುಗಳೂ ಅಲ್ಲಿಯೇ ತುಂಬಿದರೆ, ನವೀಕರಣ ಅರ್ಧದಲ್ಲಿ ನಿಲ್ಲುವ ಅಪಾಯವುಂಟು. ಖಾಲಿ ಡಿಸ್ಕಿನಲ್ಲಿ ಆರಂಭಿಸುವವರು ಅರ್ಧದಿಂದ ಒಂದು ಗಿಗಾಬೈಟಿನವರೆಗೆ ಅದಕ್ಕೆ ಬಿಟ್ಟುಕೊಟ್ಟರೆ ಮುಂದಿನ ಚಿಂತೆ ತಪ್ಪುತ್ತದೆ.

ರಕ್ಷಣೆಯೇ ವಿಘ್ನವಾದ ಪ್ರಕರಣಗಳು

ಬೂಟ್‌ಲೋಡರಿನ ಸ್ಥಾನದಲ್ಲಿ ದುಷ್ಟ ತಂತ್ರಾಂಶ ಕುಳಿತರೆ ಮೇಲಿನ ಯಾವ ರಕ್ಷಣೆಯೂ ನಿಷ್ಫಲವೆಂಬ ನ್ಯಾಯವಾದ ಭೀತಿಯಿಂದ ಹುಟ್ಟಿದ್ದು ಸೆಕ್ಯೂರ್ ಬೂಟ್. 2012ರ ಅಕ್ಟೋಬರಿನಲ್ಲಿ ವಿಂಡೋಸ್ 8 ಬಂದಾಗ, ಅದರ ಪ್ರಮಾಣಮುದ್ರೆ ಬಯಸುವ ಹೊಸ ಯಂತ್ರಗಳೆಲ್ಲ ಇದನ್ನು ಹೊಂದಿರಬೇಕಾಯಿತು. ಫರ್ಮ್‌ವೇರು ತನ್ನಲ್ಲಿರುವ ಕೀಲಿಗಳಿಗೆ ಹೊಂದುವ ಡಿಜಿಟಲ್ ಸಹಿಯಿಲ್ಲದ ಯಾವ ಬೂಟ್‌ಲೋಡರನ್ನೂ ಓಡಗೊಡುವುದಿಲ್ಲ. ಆ ಕೀಲಿಗಳಾದರೋ ಬಹುತೇಕ ಮೈಕ್ರೋಸಾಫ್ಟಿನವು. ಮ್ಯಾಥ್ಯೂ ಗ್ಯಾರೆಟ್ ಅವರು ಮುಂದಾಗಿ ರೂಪಿಸಿದ ಶಿಮ್ ಎಂಬ ಸಣ್ಣ ತಂತ್ರಾಂಶ ಲಿನಕ್ಸಿಗೆ ದಾರಿ ತೋರಿಸಿತು: ಮೈಕ್ರೋಸಾಫ್ಟಿನ ಸಹಿ ಪಡೆದ ಶಿಮ್ ಮೊದಲು ಏಳುತ್ತದೆ, ಅದು ಗ್ರಬ್ಬನ್ನೂ ಕರ್ನಲನ್ನೂ ಪರೀಕ್ಷಿಸಿ ಮುಂದೆ ಕಳುಹಿಸುತ್ತದೆ.

2020ರ ಜುಲೈಯಲ್ಲಿ ಗ್ರಬ್ಬಿನೊಳಗೆ ಬೂಟ್‌ಹೋಲ್ ಎಂಬ ಗಂಭೀರ ದೋಷ ಬಯಲಾದಾಗ ಈ ಸರಪಳಿಯ ಸೂಕ್ಷ್ಮತೆ ಎಲ್ಲರಿಗೂ ಅರಿವಾಯಿತು. ದೋಷವನ್ನು ತಿದ್ದಲು ರೆಡ್ ಹ್ಯಾಟ್ ಹೊರಡಿಸಿದ ಮೊದಲ ತಿದ್ದುಪಡಿಯೇ ಕೆಲವು ಯಂತ್ರಗಳನ್ನು ಏಳದಂತೆ ಮಾಡಿತು. ಹಳೆಯ ದೋಷಯುಕ್ತ ಬೂಟ್‌ಲೋಡರುಗಳನ್ನು ಒಂದೊಂದಾಗಿ ನಿಷೇಧಿಸುವುದು ಕಷ್ಟವಾಗಿ, ತಲೆಮಾರಿನ ಸಂಖ್ಯೆಯನ್ನು ನೋಡಿ ತಿರಸ್ಕರಿಸುವ ಎಸ್‌ಬ್ಯಾಟ್ ಎಂಬ ಉಪಾಯ ಬಳಕೆಗೆ ಬಂದಿತು. 2024ರ ಆಗಸ್ಟಿನ ವಿಂಡೋಸ್ ನವೀಕರಣವು ಇದನ್ನು ಜಾರಿಗೊಳಿಸಿದಾಗ, ಲಿನಕ್ಸ್ ಜೊತೆಗಿರುವ ಯಂತ್ರಗಳನ್ನು ಮುಟ್ಟಲಾಗುವುದಿಲ್ಲವೆಂದು ಮೈಕ್ರೋಸಾಫ್ಟ್ ಹೇಳಿತ್ತು. ಆದರೆ ಅಂತಹ ಅನೇಕ ಯಂತ್ರಗಳನ್ನು ಗುರುತಿಸುವಲ್ಲಿ ನವೀಕರಣ ಸೋತು, ಹಳೆಯ ಶಿಮ್ ಇದ್ದ ಕಡೆ ಲಿನಕ್ಸಿನ ಬೂಟ್ ನಿಂತುಹೋಯಿತು. ಸೆಕ್ಯೂರ್ ಬೂಟನ್ನು ತಾತ್ಕಾಲಿಕವಾಗಿ ನಿಲ್ಲಿಸಿ, ಲಿನಕ್ಸನ್ನು ಪ್ರವೇಶಿಸಿ, ಆ ನಿಷೇಧವನ್ನು ಅಳಿಸಿ, ಶಿಮ್ಮನ್ನು ನವೀಕರಿಸಿ, ಮತ್ತೆ ಸೆಕ್ಯೂರ್ ಬೂಟನ್ನು ಜಾರಿಗೊಳಿಸುವುದೇ ಆಗ ದೊರೆತ ಪರಿಹಾರ; ಮೈಕ್ರೋಸಾಫ್ಟಿನ ಪೂರ್ಣ ತಿದ್ದುಪಡಿ ಬಂದದ್ದು 2025ರ ಮೇ ತಿಂಗಳಿನಲ್ಲಿ. ಇದರಿಂದ ಕಲಿಯಬೇಕಾದ ಪಾಠ ಒಂದೇ: ಎರಡು ವ್ಯವಸ್ಥೆಗಳಿರುವಲ್ಲಿ ಎರಡನ್ನೂ ಸಮಕಾಲದಲ್ಲಿ ನವೀಕರಿಸುತ್ತಿರಬೇಕು. ಆರು ತಿಂಗಳು ಮುಟ್ಟದೆ ಬಿಟ್ಟ ಲಿನಕ್ಸು ಹೊಸ ನಿಷೇಧದ ಎದುರು ಹಳೆಯ ಸಹಿಯೊಂದಿಗೆ ನಿಲ್ಲುತ್ತದೆ. 2011ರ ಮೈಕ್ರೋಸಾಫ್ಟ್ ಕೀಲಿಪತ್ರಗಳ ಅವಧಿ 2026ರಲ್ಲಿ ಮುಗಿಯುವುದರಿಂದ ಈ ಪಾಠಕ್ಕೆ ಇನ್ನಷ್ಟು ಬೆಲೆ ಬಂದಿದೆ. ಅವಧಿ ಮುಗಿದ ಮಾತ್ರಕ್ಕೆ ಈಗಿರುವ ಯಂತ್ರ ನಿಲ್ಲುವುದಿಲ್ಲವಾದರೂ, ಮುಂದಿನ ಬೂಟ್‌ಲೋಡರುಗಳು 2023ರ ಹೊಸ ಕೀಲಿಗಳ ಸಹಿಯನ್ನು ಹೊತ್ತು ಬರುವುದರಿಂದ ಫರ್ಮ್‌ವೇರಿನಲ್ಲಿ ಆ ಕೀಲಿಗಳು ಇರುವುದು ಅಗತ್ಯ.

ಸೆಕ್ಯೂರ್ ಬೂಟಿಗಿಂತಲೂ ಹೆಚ್ಚು ದುಃಖವನ್ನು ತಂದೊಡ್ಡಬಲ್ಲದ್ದು ಬಿಟ್‌ಲಾಕರ್ ಎಂಬ ಗೂಢಲಿಪೀಕರಣ. ಅದರ ಕೀಲಿ ಟಿಪಿಎಂ ಚಿಪ್ಪಿನಲ್ಲಿದ್ದು, ಬೂಟಿನ ಹಾದಿ ಹಿಂದಿನಂತೆಯೇ ಇದ್ದರೆ ಮಾತ್ರ ಬಿಡುಗಡೆಯಾಗುತ್ತದೆ. ಗ್ರಬ್ಬನ್ನು ಸೇರಿಸಿದಾಗ, ಸೆಕ್ಯೂರ್ ಬೂಟನ್ನು ಬದಲಿಸಿದಾಗ, ಕೆಲವೊಮ್ಮೆ ಗ್ರಬ್ಬಿನ ಮೆನುವಿನ ಮೂಲಕ ವಿಂಡೋಸನ್ನು ಕರೆದಾಗಲೂ, ಹಾದಿ ಬದಲಾಯಿತೆಂದು ಶಂಕಿಸಿ ಅದು 48 ಅಂಕಿಗಳ ಮರುಪ್ರಾಪ್ತಿ ಕೀಲಿಯನ್ನು ಕೇಳುತ್ತದೆ. ಅದಿಲ್ಲದವನಿಗೆ ಕಡತಗಳಿಲ್ಲ. ಹೊಸ ಲ್ಯಾಪ್‌ಟಾಪುಗಳಲ್ಲಿ ಈ ಲಿಪೀಕರಣ ಒಡೆಯನ ಗಮನಕ್ಕೆ ಬಾರದೆಯೇ ಜಾರಿಯಲ್ಲಿರುವುದು ಸಾಮಾನ್ಯವಾದ್ದರಿಂದ, ಕೀಲಿಯನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳದೆ ಪಾರ್ಟಿಷನ್ನಿನ ಕೆಲಸಕ್ಕೆ ಕೈಹಾಕಕೂಡದು.

ಡಿಸ್ಕು, ನಿದ್ರೆ, ಗಡಿಯಾರ

ವಿಂಡೋಸ್ 8ರಿಂದ ಬಂದ ಫಾಸ್ಟ್ ಸ್ಟಾರ್ಟಪ್ ಎಂಬ ಸೌಲಭ್ಯದಲ್ಲಿ, ಶಟ್ ಡೌನ್ ಎಂದು ಒತ್ತಿದಾಗ ವಿಂಡೋಸ್ ಪೂರ್ಣವಾಗಿ ನಿಲ್ಲದೆ ತನ್ನ ಅಂತರಂಗದ ಸ್ಥಿತಿಯನ್ನು ಡಿಸ್ಕಿನಲ್ಲಿ ಬರೆದಿಟ್ಟು ನಿದ್ರಿಸುತ್ತದೆ. ಆ ನಿದ್ರೆಯ ನಡುವೆ ಲಿನಕ್ಸ್ ಅದೇ ಪಾರ್ಟಿಷನ್ನಿನಲ್ಲಿ ಏನನ್ನಾದರೂ ಬರೆದರೆ, ಎಚ್ಚತ್ತ ವಿಂಡೋಸಿನ ನೆನಪಿಗೂ ಡಿಸ್ಕಿನ ವಾಸ್ತವಕ್ಕೂ ವಿರೋಧ ಉಂಟಾಗಿ ಕಡತಗಳು ಕೆಡುತ್ತವೆ. ಇದನ್ನು ತಪ್ಪಿಸಲೆಂದೇ ಲಿನಕ್ಸ್ ಅಂತಹ ಪಾರ್ಟಿಷನ್ನನ್ನು ಓದಲಷ್ಟೇ ತೆರೆಯುತ್ತದೆ, ಇಲ್ಲವೆ ತೆರೆಯಲು ನಿರಾಕರಿಸುತ್ತದೆ. ಬಲವಂತವಾಗಿ ತೆರೆಯುವ ಉಪಾಯಗಳನ್ನು ಹುಡುಕುವುದಕ್ಕಿಂತ ವಿಂಡೋಸಿನಲ್ಲಿ ಫಾಸ್ಟ್ ಸ್ಟಾರ್ಟಪ್ಪನ್ನು ನಿಲ್ಲಿಸುವುದೇ ಸನ್ಮಾರ್ಗ. ಒಂದು ವ್ಯವಸ್ಥೆ ನಿದ್ರಿಸುತ್ತಿರುವಾಗ ಇನ್ನೊಂದನ್ನು ಎಬ್ಬಿಸಬಾರದೆಂಬ ನಿಯಮ ಲಿನಕ್ಸಿನ ಹೈಬರ್ನೇಷನ್ನಿಗೂ ಅನ್ವಯಿಸುತ್ತದೆ.

ಕೆಲವು ಲ್ಯಾಪ್‌ಟಾಪುಗಳಲ್ಲಿ ಲಿನಕ್ಸಿನ ಅನುಸ್ಥಾಪಕಕ್ಕೆ ಡಿಸ್ಕೇ ಕಾಣುವುದಿಲ್ಲ. ಇಂಟೆಲ್ಲಿನ ಆರ್‌ಎಸ್‌ಟಿ ರೀತಿಯಲ್ಲಿ ಡಿಸ್ಕನ್ನು ಜೋಡಿಸಿರುವುದೇ ಇದರ ಕಾರಣ. ಎಎಚ್‌ಸಿಐ ರೀತಿಗೆ ಬದಲಾಯಿಸಿದರೆ ಕಾಣುತ್ತದೆ. ಆದರೆ ಹಠಾತ್ತನೆ ಬದಲಾಯಿಸಿದರೆ ವಿಂಡೋಸ್ ಏಳುವುದಿಲ್ಲ. ಮೊದಲು ಅದನ್ನು ಸೇಫ್ ಮೋಡಿನಲ್ಲಿ ಏಳುವಂತೆ ಅಣಿಗೊಳಿಸಿ, ಬಳಿಕ ಫರ್ಮ್‌ವೇರಿನಲ್ಲಿ ಬದಲಾಯಿಸಿ, ಒಮ್ಮೆ ಎದ್ದ ಮೇಲೆ ಸೇಫ್ ಮೋಡನ್ನು ತೆಗೆಯಬೇಕು.

ಗಡಿಯಾರದ ತೊಡಕು ಚಿಕ್ಕದಾದರೂ ನಮ್ಮ ದೇಶದವರಿಗೆ ಕಣ್ಣಿಗೆ ಹೊಡೆದು ಕಾಣುವಂಥದು. ಮದರ್‌ಬೋರ್ಡಿನ ಗಡಿಯಾರದಲ್ಲಿ ವಿಂಡೋಸ್ ಸ್ಥಳೀಯ ಕಾಲವನ್ನೂ ಲಿನಕ್ಸ್ ವಿಶ್ವಕಾಲವನ್ನೂ ಇರಿಸುವುದು ವಾಡಿಕೆಯಾದ್ದರಿಂದ, ಲಿನಕ್ಸಿನಿಂದ ವಿಂಡೋಸಿಗೆ ಬಂದಾಗ ಗಡಿಯಾರ ಐದೂವರೆ ಗಂಟೆಯಷ್ಟು ಹಿಂದಿರುತ್ತದೆ. ಎರಡರಲ್ಲೊಂದನ್ನು ಇನ್ನೊಂದರ ವಾಡಿಕೆಗೆ ಒಪ್ಪಿಸಿದರೆ ತೊಡಕು ತೀರಿತು.

ವಿಕಲ್ಪಗಳ ತಾರತಮ್ಯ

ಇಷ್ಟು ಸಂಗತಿಗಳನ್ನು ತೂಗಿನೋಡಿದ ಮೇಲೆ, ಎಲ್ಲಕ್ಕಿಂತ ನಿರಪಾಯವಾದ ಏರ್ಪಾಡು ಯಾವುದೆಂಬ ಪ್ರಶ್ನೆಗೆ ಉತ್ತರ ಕಷ್ಟವಲ್ಲ. ಯಂತ್ರದಲ್ಲಿ ಎರಡು ಡಿಸ್ಕುಗಳಿಗೆ ಸ್ಥಳವಿದ್ದರೆ ಒಂದೊಂದು ವ್ಯವಸ್ಥೆಗೆ ಒಂದೊಂದು ಡಿಸ್ಕು, ಒಂದೊಂದು ಇಎಫ್‌ಐ ಪಾರ್ಟಿಷನ್. ಅನುಸ್ಥಾಪನೆಯ ಕಾಲದಲ್ಲಿ ಇನ್ನೊಂದು ಡಿಸ್ಕನ್ನು ಕಳಚಿಡುವುದು ಇನ್ನೂ ಉತ್ತಮ, ಏಕೆಂದರೆ ಕೆಲವು ಅನುಸ್ಥಾಪಕಗಳು ಎರಡನೆಯ ಡಿಸ್ಕನ್ನು ಆರಿಸಿದಾಗಲೂ ಬೂಟ್‌ಲೋಡರನ್ನು ಮೊದಲನೆಯದರಲ್ಲಿಯೇ ಇರಿಸುತ್ತವೆ. ಈ ಏರ್ಪಾಡಿನಲ್ಲಿ ಒಂದು ಕೆಟ್ಟರೆ ಇನ್ನೊಂದು ಏಳುತ್ತದೆ. ಒಂದೇ ಡಿಸ್ಕಿರುವಲ್ಲಿ ಹಂಚಿಕೊಳ್ಳುವುದು ಅನಿವಾರ್ಯ; ಆದರೆ ಮೇಲೆ ಹೇಳಿದ ಎಚ್ಚರಗಳಿದ್ದರೆ ಅದೂ ನಂಬಿಕೆಗೆ ಅರ್ಹವೇ. ವಿಂಡೋಸಿನಲ್ಲಿದ್ದು ಲಿನಕ್ಸಿನ ಆದೇಶಗಳನ್ನು ಕಲಿಯಬೇಕೆಂಬ ವಿದ್ಯಾರ್ಥಿಗೆ ಬೂಟಿನ ಗೊಡವೆಯೇ ಬೇಡ. 2016ರಿಂದ ವಿಂಡೋಸಿನೊಳಗೇ ದೊರೆಯುವ ಲಿನಕ್ಸ್ ಉಪವ್ಯವಸ್ಥೆಯೋ, ವರ್ಚುವಲ್ ಯಂತ್ರವೋ ಅವನಿಗೆ ಸಾಕು. ಹಳೆಯ ಕನ್ನಡ ಕಡತಗಳಿಗಾಗಿ ಮಾತ್ರ ವಿಂಡೋಸ್ ಬೇಕೆನ್ನುವವರು ಅದನ್ನು ಲಿನಕ್ಸಿನೊಳಗಿನ ವರ್ಚುವಲ್ ಯಂತ್ರದಲ್ಲಿ ಇಟ್ಟುಕೊಳ್ಳುವುದನ್ನೂ ಯೋಚಿಸಬಹುದು. ಯಂತ್ರದ ಪೂರ್ಣ ಬಲ ಬೇಕಾದ ಚಿತ್ರಸಂಸ್ಕರಣ, ಗಣಕದ ಆಟ ಮೊದಲಾದ ಕೆಲಸಗಳಿಗೆ ಮಾತ್ರ ನಿಜವಾದ ಇಬ್ಬಗೆಯ ಬೂಟು ಅಗತ್ಯ.

ಅದನ್ನು ಕೈಗೊಳ್ಳುವವರು ಅನುಸರಿಸತಕ್ಕ ಕ್ರಮ ಇದು. ಕಡತಗಳ ಪ್ರತಿಯನ್ನು ಬೇರೊಂದು ಡಿಸ್ಕಿನಲ್ಲಿ ತೆಗೆದಿಟ್ಟು, ಬಿಟ್‌ಲಾಕರಿನ ಕೀಲಿಯನ್ನು ಬರೆದುಕೊಂಡು ಅದನ್ನು ತಾತ್ಕಾಲಿಕವಾಗಿ ತಡೆಹಿಡಿದು, ಫಾಸ್ಟ್ ಸ್ಟಾರ್ಟಪ್ಪನ್ನು ನಿಲ್ಲಿಸಿ, ವಿಂಡೋಸಿನ ಪಾರ್ಟಿಷನ್ನನ್ನು ವಿಂಡೋಸಿನ ಡಿಸ್ಕ್ ಮ್ಯಾನೇಜ್‌ಮೆಂಟಿನಿಂದಲೇ ಕುಗ್ಗಿಸಿ, ಲಿನಕ್ಸಿನ ಪೆನ್‌ಡ್ರೈವನ್ನು ಯುಇಎಫ್‌ಐ ರೀತಿಯಲ್ಲಿ ಏಳಿಸಿ, ಇರುವ ಇಎಫ್‌ಐ ಪಾರ್ಟಿಷನ್ನನ್ನು ಫಾರ್ಮ್ಯಾಟ್ ಮಾಡದೆ ಬಳಸಿಕೊಂಡು, ಬಿಡುವಾದ ಜಾಗದಲ್ಲಿ ಮಾತ್ರ ಲಿನಕ್ಸನ್ನು ನೆಲೆಗೊಳಿಸಬೇಕು. ಗ್ರಬ್ಬಿನ ಮೆನುವಿನಲ್ಲಿ ವಿಂಡೋಸ್ ಕಾಣದಿದ್ದರೆ ಗಾಬರಿಯಾಗಬೇಕಾಗಿಲ್ಲ: 2021ರ ಗ್ರಬ್ 2.06ರಿಂದ, ಇತರ ವ್ಯವಸ್ಥೆಗಳನ್ನು ಹುಡುಕುವ ಓಎಸ್ ಪ್ರೋಬರ್ ಎಂಬ ಉಪಕರಣವನ್ನು ಸುರಕ್ಷತೆಯ ದೃಷ್ಟಿಯಿಂದ ತಾನಾಗಿ ಓಡದಂತೆ ಇಟ್ಟಿದ್ದಾರೆ. ಅದನ್ನು ಅನುಮತಿಸಿ ಮೆನುವನ್ನು ಮತ್ತೆ ರಚಿಸಿದರೆ ವಿಂಡೋಸ್ ಕಾಣಿಸುತ್ತದೆ. ಕೆಲಸವೆಲ್ಲ ಮುಗಿದ ಮೇಲೆ ಲಿನಕ್ಸಿನದೊಂದು, ವಿಂಡೋಸಿನದೊಂದು ಪೆನ್‌ಡ್ರೈವನ್ನು ಅನುಸ್ಥಾಪಕ ಸಹಿತ ಕಪಾಟಿನಲ್ಲಿ ಇರಿಸಿಕೊಳ್ಳಬೇಕು. ಬೂಟ್ ಕೆಟ್ಟ ಯಂತ್ರದಲ್ಲಿ ಕಡತಗಳು ಸಾಮಾನ್ಯವಾಗಿ ಸುರಕ್ಷಿತವಾಗಿಯೇ ಇರುತ್ತವೆ; ಅವುಗಳನ್ನು ನಾಶಮಾಡುವುದು ಬಹುಮಟ್ಟಿಗೆ ಆತುರದ ಮರು ಅನುಸ್ಥಾಪನೆ. ಆದುದರಿಂದ ಮೊದಲು ಫರ್ಮ್‌ವೇರಿನ ಮೆನು, ಅದು ಫಲಿಸದಿದ್ದರೆ ಪೆನ್‌ಡ್ರೈವಿನಿಂದ ಬೂಟ್‌ಲೋಡರಿನ ದುರಸ್ತಿ, ಮರು ಅನುಸ್ಥಾಪನೆ ಕಟ್ಟಕಡೆಗೆ.

ಬಳಕೆದಾರನ ಎಚ್ಚರದ ಮಾತು ಇಷ್ಟಾಯಿತು. ಆದರೆ ಹೊಣೆಯೆಲ್ಲ ಅವನೊಬ್ಬನದೇ ಎಂದು ಮುಗಿಸುವುದು ಅನ್ಯಾಯ. ಯಂತ್ರವನ್ನು ಹಣಕೊಟ್ಟು ಕೊಂಡವನು ಅದರಲ್ಲಿ ಯಾವ ವ್ಯವಸ್ಥೆ ಮೊದಲು ಏಳಬೇಕೆಂದು ನಿರ್ಧರಿಸಲು ಅಧಿಕಾರವುಳ್ಳವನು. ಹಾಗಿರುವಲ್ಲಿ, ಬೂಟಿನ ಅನುಕ್ರಮವನ್ನು ಬದಲಿಸುವ ಮೊದಲು ನವೀಕರಣವು ಅವನ ಅನುಮತಿಯನ್ನು ಕೇಳಬೇಕು. ಅವನು ಬರೆದ ಅನುಕ್ರಮವನ್ನು ಫರ್ಮ್‌ವೇರು ಪಾಲಿಸಬೇಕು. ಡಿಸ್ಕಿಗೆ ಬೀಗ ಹಾಕುವ ಲಿಪೀಕರಣವು ಬೀಗದ ಕೈ ಎಲ್ಲಿದೆಯೆಂದು ಅವನಿಗೆ ತಿಳಿಸಿಯೇ ಜಾರಿಗೆ ಬರಬೇಕು. ಒಂದು ಬೂಟ್‌ಲೋಡರನ್ನು ನಿಷೇಧಿಸುವ ಮುನ್ನ ಅದನ್ನು ಆಶ್ರಯಿಸಿದ ವ್ಯವಸ್ಥೆ ಯಂತ್ರದಲ್ಲಿ ಇದೆಯೇ ಎಂದು ಸರಿಯಾಗಿ ಪರೀಕ್ಷಿಸಬೇಕು. ಇವುಗಳಲ್ಲಿ ತಾಂತ್ರಿಕವಾಗಿ ಅಸಾಧ್ಯವಾದುದು ಒಂದೂ ಇಲ್ಲ. ಹಂಚಿಕೊಂಡ ಸ್ಥಳದಲ್ಲಿ ಕೇಳದೆ ಬರೆಯಬಾರದೆಂಬ ನಿಯಮವನ್ನು ತಯಾರಕರು ಅಂಗೀಕರಿಸುವವರೆಗೆ ಬಳಕೆದಾರನು ಎಚ್ಚರವನ್ನು ಬಿಡಲಾಗದು. ಅವರು ಅಂಗೀಕರಿಸುವಂತೆ ಒತ್ತಾಯಿಸುವುದನ್ನೂ ಅವನು ಬಿಡಬಾರದು.